ಯಾರೋ ಬಿಟ್ಟ ಸೀಟು

ನಮ್ಮದು ಡ್ರೈಕ್ಲೀನಿಂಗ್ ಅಂಗಡಿ. ನೀರಿಗೆ ಹಾಕಬಾರದ ಕೋಟು, ಉಣ್ಣೆ, ರೇಷ್ಮೆ, ಮದುವೆಗೆ ಹೊಲಿಸಿದ ಬಟ್ಟೆ ಎಲ್ಲ ನಮ್ಮಲ್ಲಿಗೆ ಬರುತ್ತವೆ. ಮುಂದೆ ಕೌಂಟರಿನಲ್ಲಿ ನಾನು, ಹಿಂದಿನ ಕೋಣೆಯಲ್ಲಿ ಇಸ್ತ್ರಿಯ ಮುಂದೆ ಅಮ್ಮ, ವ್ಯಾನಿನಲ್ಲಿ ಮನೆಮನೆಗೆ ಬಟ್ಟೆ ತಲುಪಿಸುವುದು ಅಣ್ಣ. ಕಿಟಕಿ ಪಕ್ಕದ ಬಿಳಿ ಮೇಜಿನ ಮುಂದೆ ಕೂತು ಕಲೆ ತೆಗೆಯುತ್ತಿದ್ದವಳು ಅಣ್ಣನ ಹೆಂಡತಿ, ನನ್ನ ಅತ್ತಿಗೆ. ನನಗಿಂತ ಎರಡೇ ವರ್ಷ ದೊಡ್ಡವಳು. ಹಾಗಾಗಿ ನಮ್ಮಿಬ್ಬರ ನಡುವಿನ ಬಹುವಚನ ಅವಳು ಮನೆಗೆ ಬಂದ ಮೊದಲ ವಾರದಲ್ಲೇ ಬಿದ್ದುಹೋಯಿತು.

ಕಲೆ ತೆಗೆಯಬೇಕಾದರೆ ಬಿದ್ದದ್ದು ಏನು ಎಂದು ಮೊದಲು ತಿಳಿಯಬೇಕು. ಕೇಳಿದರೆ ಜನ ಸುಳ್ಳು ಹೇಳುತ್ತಾರೆ. ಮದ್ಯ ಚೆಲ್ಲಿಕೊಂಡವರು ಹಣ್ಣಿನ ರಸ ಎನ್ನುತ್ತಾರೆ, ತಾವೇ ಚೆಲ್ಲಿಕೊಂಡದ್ದನ್ನು ಮಕ್ಕಳ ತಲೆಗೆ ಕಟ್ಟುತ್ತಾರೆ. ಅತ್ತಿಗೆ ವಾದಕ್ಕೆ ನಿಲ್ಲುತ್ತಿರಲಿಲ್ಲ. ಬಟ್ಟೆಯನ್ನು ಬೆಳಕಿಗೆ ಹಿಡಿದು, ಮೂಸಿ, ಬೇಕಾದ ಬಾಟಲಿಗೆ ಕೈಹಾಕುತ್ತಿದ್ದಳು. ಯಾವ ಬಾಟಲಿ ಯಾವುದಕ್ಕೆ ಎನ್ನುವುದನ್ನು ಅಮ್ಮನಿಂದ ಕಲಿತಿದ್ದಳು. ಅಮ್ಮನಿಗೂ ಅಷ್ಟೇ ಗೊತ್ತಿದ್ದದ್ದು. ಯಾಕೆ ಎಂದು ಕೇಳಿದರೆ ಅಮ್ಮ, "ಹೋಗತ್ತಲ್ಲ, ಸಾಕು ಬಿಡು" ಎನ್ನುತ್ತಿದ್ದಳು.

ಆದರೆ ಅದೇ ಬಾಟಲಿಗಳಿಂದ ಅಮ್ಮನ ಅಂಗೈ ಒಡೆದು ಬಿರುಕು ಬಿಟ್ಟಿತ್ತು. ಒಮ್ಮೆ ಹೊಸ ದ್ರವ ಮಾರಲು ಬಂದವನನ್ನು ಅತ್ತಿಗೆ, "ಇದ್ರಲ್ಲಿ ಏನೇನಿದೆ?" ಎಂದು ಕೇಳಿದಳು.

"ಅದೆಲ್ಲ ನಿಮಗ್ಯಾಕೆ ಮೇಡಂ? ಹಾಕಿ, ಉಜ್ಜಿ, ಅಷ್ಟೇ."

ಅತ್ತಿಗೆ ಬಾಟಲಿಯನ್ನು ಅವನ ಕೈಗೇ ವಾಪಸು ಕೊಟ್ಟಳು. ಅವನು ಹೋದ ಮೇಲೆ ಮಾತ್ರ, "ನಂಗ್ಯಾಕೆ ಅಂತೆ! ಕೈ ನಮ್ದು ಅಲ್ವೇನೇ?" ಎಂದು ನನ್ನ ಮೇಲೆ ಹರಿಹಾಯ್ದಳು. ಆ ವರ್ಷವೇ ಊರಿನ ಕಾಲೇಜಿಗೆ ಸೇರಿದಳು. ಬೆಳಿಗ್ಗೆ ತರಗತಿ, ಮಧ್ಯಾಹ್ನದಿಂದ ಅಂಗಡಿ. ಆಗ ಅವಳಿಗೆ ಮೂವತ್ತು ದಾಟಿತ್ತು, ಶಾಲೆಗೆ ಹೋಗುವ ಮಗಳಿದ್ದಳು.

ಮೊದಲ ದಿನ ರಸಾಯನಶಾಸ್ತ್ರದ ಮೇಷ್ಟ್ರು ಎಲ್ಲರನ್ನೂ ಪರಿಚಯ ಕೇಳಿದರಂತೆ. ಅತ್ತಿಗೆ ಗಾಬರಿಯಲ್ಲಿ ಎದ್ದು ನಿಂತು, "ನಾನು ಕಲೆ ಕೆಲ್ಸ ಮಾಡ್ತೀನಿ ಸಾರ್" ಅಂದಳು.

"ಓ, ಚಿತ್ರ ಬಿಡಿಸ್ತೀರಾ?"

"ಇಲ್ಲ ಸಾರ್, ಅಳಿಸ್ತೀನಿ."

ತರಗತಿಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅಂದಿನಿಂದ ಕಾಲೇಜಿನಲ್ಲಿ ಅವಳ ಹೆಸರು 'ಕಲಾವಿದೆ' ಎಂದೇ ಆಯಿತು. ಹದಿನೆಂಟರ ಹುಡುಗಿಯರು ಮೊದಮೊದಲು ಆಂಟಿ ಎನ್ನುತ್ತಿದ್ದವರು, ಪರೀಕ್ಷೆ ಹತ್ತಿರ ಬಂದು ಅವಳ ಟಿಪ್ಪಣಿಗಳು ಬೇಕಾದಾಗ ಅಕ್ಕ ಅನ್ನಲು ಶುರುಮಾಡಿದರು.

ನಮ್ಮೂರ ಕಾಲೇಜಿನಲ್ಲಿ ಎರಡೇ ವರ್ಷದ ಪಾಠ. ಮುಂದಿನ ಎರಡು ವರ್ಷ ಓದಿ ಪದವಿ ಮುಗಿಸಬೇಕಾದರೆ ಬೇರೆ ಕಡೆ ಹೋಗಬೇಕು. ಎರಡನೇ ವರ್ಷ ಮುಗಿಯುವ ಹೊತ್ತಿಗೆ ಮೇಷ್ಟ್ರು ಅವಳನ್ನು ಕರೆದು, ದೊಡ್ಡ ನಗರದ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಲು ಹೇಳಿದರು. ಮೊದಲ ವರ್ಷಕ್ಕೇ ಸೀಟು ಸಿಗದೆ ಸಾವಿರಾರು ಜನ ವಾಪಸು ಬರುವ ಜಾಗ ಅದು.

"ಅಲ್ಲಿ ನನ್ನಂಥವರನ್ನ ತಗೋತಾರಾ ಸಾರ್?"

"ಮಧ್ಯದಲ್ಲಿ ಯಾರಾದ್ರೂ ಬಿಟ್ಟು ಹೋದ್ರೆ, ಆ ಜಾಗಕ್ಕೆ ಹೊರಗಿನವರನ್ನ ಮೂರನೇ ವರ್ಷಕ್ಕೆ ತಗೋತಾರೆ. ಒಂದೊಂದು ವರ್ಷ ನಾಲ್ಕು ಸೀಟು ಇರತ್ತೆ, ಒಂದೊಂದು ವರ್ಷ ಒಂದೂ ಇರಲ್ಲ. ಅದು ನಿಮ್ಮ ಕೈಲೂ ಇಲ್ಲ, ನನ್ನ ಕೈಲೂ ಇಲ್ಲ. ಅರ್ಜಿ ಹಾಕೋದು ಮಾತ್ರ ನಿಮ್ಮ ಕೈಲಿದೆ."

ಅಂದು ಊಟಕ್ಕೆ ಕೂತಾಗ ಅತ್ತಿಗೆ ವಿಷಯ ಎತ್ತಿದಳು. ಅಣ್ಣ ಮಾತು ಕಡಿಮೆಯ ಮನುಷ್ಯ. ತಟ್ಟೆ ತೊಳೆದಿಟ್ಟು, ವ್ಯಾನಿನ ಟೈರಿಗೆ ಗಾಳಿ ಇದೆಯೋ ಇಲ್ಲವೋ ನೋಡಿಬರಲು ಹೋದ. ಏನೇ ದೊಡ್ಡ ಮಾತು ಬಂದರೂ ಅವನಿಗೆ ಟೈರು ನೆನಪಾಗುತ್ತದೆ. ಅತ್ತಿಗೆಯ ಮುಖ ಬಾಡಿತು. ಅಮ್ಮ ಮಾತ್ರ ಕೂತಲ್ಲೇ ಕೂತಿದ್ದಳು.

"ಎಷ್ಟು ವರ್ಷ?"

"ಎರಡು, ಅತ್ತೆ. ಸಿಕ್ಕಿದ್ರೆ. ಸಿಗೋದು ಕಷ್ಟಾನೇ. ಆದ್ರೂ ಅಂಗಡಿ, ಮಗು..."

"ನಿಮ್ಮ ಮಾವ ಕೆಲ್ಸಕ್ಕೆ ಅಂತ ಹೊರದೇಶಕ್ಕೆ ಹೋಗಿ ಏಳು ವರ್ಷ ಇದ್ರು. ಇಬ್ಬರು ಮಕ್ಕಳನ್ನ ಕಟ್ಕೊಂಡು ನಾನು ಇಲ್ಲಿದ್ದೆ. ಆಗ ಅವ್ರನ್ನ ಯಾರೂ ಕೇಳ್ಲಿಲ್ಲ, ಮನೆ ಹೇಗಪ್ಪಾ ನಡೆಯತ್ತೆ ಅಂತ. ನಿನ್ನ ಯಾಕೆ ಕೇಳ್ಬೇಕು? ಹಾಕು ಅರ್ಜಿ."

ಅತ್ತಿಗೆಯ ಮಗಳು ತಲೆಯೆತ್ತಿ, "ಅಮ್ಮ ಹೋದ್ರೆ ಮಂಚದಲ್ಲಿ ಗೋಡೆ ಕಡೆ ಜಾಗ ನಂಗೆ" ಅಂದಳು. ಅಷ್ಟರಲ್ಲಿ ಅಣ್ಣ ಒಳಗೆ ಬಂದು, ಯಾರ ಮುಖವನ್ನೂ ನೋಡದೆ, "ಅಲ್ಲೀವರೆಗೆ ಓಡೋಕೆ ಹಿಂದಿನ ಟೈರು ಬದಲಾಯಿಸ್ಬೇಕು" ಎಂದ. ಅತ್ತಿಗೆ ನಕ್ಕಳೋ ಅತ್ತಳೋ, ಆ ಹೊತ್ತಿನಲ್ಲಿ ಎರಡಕ್ಕೂ ವ್ಯತ್ಯಾಸ ಕಾಣಲಿಲ್ಲ.

ಅರ್ಜಿಯ ಜೊತೆ, ಇಲ್ಲಿಗೇ ಯಾಕೆ ಬರಬೇಕೆಂದಿದ್ದೀರಿ ಎಂದು ಎರಡು ಪುಟ ಬರೆಯಬೇಕಿತ್ತು. ಅವಳು ಬರೆದದ್ದನ್ನು ಇಸ್ತ್ರಿಯ ಕೋಣೆಯಲ್ಲಿ ನಮಗೆ ಓದಿ ಹೇಳಿದಳು. ಜ್ಞಾನದಾಹ, ಸಮಾಜದ ಏಳಿಗೆ, ಉಜ್ವಲ ಭವಿಷ್ಯ ಎಲ್ಲ ಇತ್ತು. ಅಮ್ಮ ಆವಿಯ ಮಧ್ಯದಿಂದ ಕೇಳಿದಳು, "ಇದು ಯಾರು ಮಾತಾಡ್ತಿರೋದು? ನನ್ನ ಸೊಸೆ ಹೀಗೆ ಮಾತಾಡಲ್ಲಪ್ಪ." ಅತ್ತಿಗೆ ಹರಿದು ಹಾಕಿ ಮತ್ತೆ ಬರೆದಳು. ಅಮ್ಮನ ಅಂಗೈ, ದ್ರವ ಮಾರುವವನ ಮಾತು, ಅಷ್ಟರಿಂದಲೇ ಒಂದೂವರೆ ಪುಟವಾಯಿತು. ಉಳಿದ ಅರ್ಧ ಪುಟ ಖಾಲಿಯೇ ಹೋಯಿತು.

ಸಂದರ್ಶನಕ್ಕೆ ಕರೆ ಬಂದಾಗ ಅಮ್ಮ ತಾನೂ ಹೊರಟು ನಿಂತಳು. "ಆ ಊರಲ್ಲಿ ಬಟ್ಟೆ ಹೇಗೆ ಇಸ್ತ್ರಿ ಮಾಡ್ತಾರೆ ನೋಡ್ಬೇಕು" ಎನ್ನುವುದು ನೆಪ. ಸೊಸೆ ಮೂರು ಸಲ ಚೀಲ ಬಿಚ್ಚಿ ಕಟ್ಟಿದ್ದು ಅವಳ ಕಣ್ಣಿಗೆ ಬಿದ್ದಿತ್ತು. ಉದ್ದನೆಯ ಕಾರಿಡಾರಿನ ಬೆಂಚಿನ ಮೇಲೆ ಇಬ್ಬರೂ ಕೂತಿದ್ದರಂತೆ. ಸುತ್ತ ಇದ್ದ ಮಕ್ಕಳೆಲ್ಲ ತಂದೆತಾಯಿಯ ಜೊತೆ ಬಂದಿದ್ದರೆ, ಅತ್ತೆಯನ್ನು ಕರೆತಂದವಳು ಇವಳೊಬ್ಬಳೇ. ಜವಾನ ಅಮ್ಮನನ್ನೇ ಅಭ್ಯರ್ಥಿ ಅಂದುಕೊಂಡು ಒಳಗೆ ಕರೆದನಂತೆ. ಈ ಕಥೆಯನ್ನು ಅಮ್ಮ ಇವತ್ತಿಗೂ ಗಿರಾಕಿಗಳಿಗೆ ಹೇಳುತ್ತಾಳೆ.

ಒಳಗೆ ಮೂವರು ಪ್ರಾಧ್ಯಾಪಕರಿದ್ದರು. ಮೊದಲ ಎರಡು ಪ್ರಶ್ನೆಗೆ ಅತ್ತಿಗೆ ತಡವರಿಸಿ ಉತ್ತರಿಸಿದಳು. ಮೂರನೆಯದಕ್ಕೆ ಗೊತ್ತಿಲ್ಲ ಎಂದಳು. ಆಗ ಅವರಲ್ಲಿ ಹಿರಿಯಾಕೆ, ಅಂಗಡಿಯ ಕೆಲಸದಲ್ಲಿ ನಿಮಗೆ ಬಗೆಹರಿಯದ್ದು ಏನಾದರೂ ಇದೆಯೇ ಎಂದು ಕೇಳಿದರು.

"ಬಿಳಿ ಅಂಗಿಯ ಕಂಕುಳಲ್ಲಿ ಹಳದಿ ಆಗತ್ತಲ್ಲ ಮೇಡಂ, ಅದು. ಬ್ಲೀಚ್ ಹಾಕ್ತೀನಿ, ಹೋಗಲ್ಲ. ಕೆಲವು ಸಲ ಇನ್ನೂ ಜಾಸ್ತಿ ಆಗತ್ತೆ. ಗಿರಾಕಿಗಳು ಸರಿಯಾಗಿ ಸ್ನಾನ ಮಾಡಲ್ಲ ಅಂತ ಬೈಕೋತೀನಿ."

ಹಿರಿಯಾಕೆ ನಕ್ಕರು. "ಬೆವರಿನಲ್ಲಿ ಇರೋ ಪ್ರೋಟೀನಿಗೆ ಬ್ಲೀಚ್ ತಾಗಿದ್ರೇ ಹಳದಿ ಜಾಸ್ತಿ ಆಗೋದು. ಪಾಪ, ಗಿರಾಕಿಗಳ ತಪ್ಪಲ್ಲ."

"ಅಯ್ಯೋ! ಹಾಗಾದ್ರೆ ಇಷ್ಟು ವರ್ಷ ಹಳದಿ ಮಾಡ್ತಿದ್ದವಳು ನಾನೇನಾ?"

ಸಂದರ್ಶನ ಎನ್ನುವುದನ್ನೇ ಮರೆತು ಅವಳು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳಂತೆ. ಹಾಗಾದರೆ ಏನು ಹಾಕಬೇಕು, ಯಾಕೆ, ಬಟ್ಟೆ ಹಳೆಯದಾದರೆ ಹೇಗೆ ಎಂದು ಕೇಳುತ್ತಲೇ ಹೋದಳು. ಸಮಯ ಮೀರಿತೆಂದು ಜವಾನ ಬಾಗಿಲು ತಟ್ಟಬೇಕಾಯಿತು. ಹೊರಗೆ ಬಂದು ಅಮ್ಮನಿಗೆ, "ಸೀಟು ಸಿಗಲ್ಲ ಅತ್ತೆ, ಎಲ್ಲಾ ನಾನೇ ಕೇಳ್ಬಿಟ್ಟೆ. ಆದ್ರೆ ಬಂದಿದ್ದಕ್ಕೆ ಹಳದಿ ವಿಷ್ಯ ಗೊತ್ತಾಯ್ತು" ಅಂದಳು.

ಫಲಿತಾಂಶದಲ್ಲಿ ಹೂಂ ಎನ್ನುವುದೂ ಇರಲಿಲ್ಲ, ಊಹೂಂ ಎನ್ನುವುದೂ ಇರಲಿಲ್ಲ. ಆ ವರ್ಷ ಖಾಲಿಯಾದದ್ದು ಒಂದೇ ಸೀಟು, ಅದು ಬೇರೊಬ್ಬರಿಗೆ ಹೋಯಿತು. ಇನ್ನೊಂದು ಖಾಲಿಯಾದರೆ ಅತ್ತಿಗೆಗೆ. ಬೇಸಿಗೆಯೆಲ್ಲ ಅವಳು ಬಿಳಿ ಮೇಜಿನ ಮುಂದೆ ಕೂತು ಕೆಲಸ ಮಾಡಿದಳು, ಆದರೆ ಫೋನು ಹೊಡೆದುಕೊಂಡಾಗಲೆಲ್ಲ ಕೈ ನಿಲ್ಲುತ್ತಿತ್ತು. ಅಲ್ಲಿ ತರಗತಿಗಳು ಶುರುವಾದವು ಎಂದು ತಿಳಿದ ದಿನ, "ಆಯ್ತು ಬಿಡು" ಎಂದು ಪುಸ್ತಕಗಳನ್ನು ಬೀರುವಿನ ಮೇಲಿಟ್ಟಳು.

ಫೋನು ಬಂದದ್ದು ಆಮೇಲೆ. ಎತ್ತಿದವಳು ಅಮ್ಮ. ಮೂರನೇ ವರ್ಷದ ಹುಡುಗಿಯೊಬ್ಬಳು ಓದು ಬಿಟ್ಟಿದ್ದಾಳೆ, ಈ ವಾರದೊಳಗೆ ಬಂದು ಸೇರಬೇಕು ಎಂದರು ಆ ಕಡೆಯವರು. ಅಮ್ಮ ಸಂತೋಷ ಪಡುವುದು ಬಿಟ್ಟು, "ಯಾಕೆ ಬಿಟ್ಲು? ಹುಡುಗಿ ಆರೋಗ್ಯವಾಗಿದಾಳೆ ತಾನೇ?" ಎಂದು ವಿಚಾರಣೆಗೆ ಇಳಿದಳು. ಅವರು ಅದು ನಮಗೆ ತಿಳಿಯದು ಎಂದರು. ಅಲ್ಲಿಗೆ ಅತ್ತಿಗೆಯ ತಲೆಗೂ ಹುಳ ಹೊಕ್ಕಿತು. ಮೂಟೆ ಕಟ್ಟುವಾಗಲೂ ಅದೇ ಮಾತು. "ಯಾರ ಮನೇಲಿ ಏನು ಕಷ್ಟ ಬಂತೋ. ನಾನು ನೋಡಿದ್ರೆ ಕುಣೀತಿದೀನಿ."

ಅಣ್ಣ ಅಂಗಡಿಯ ವ್ಯಾನಿನಲ್ಲೇ ಕರೆದುಕೊಂಡು ಹೋದ. ಹಾಸಿಗೆ ಹಿಡಿದುಕೊಳ್ಳಲು ಹಿಂದೆ ನಾನು. ಹಾಸ್ಟೆಲಿನಲ್ಲಿ ಅತ್ತಿಗೆಗೆ ಸಿಕ್ಕಿದ್ದು ಆ ಹುಡುಗಿ ಬಿಟ್ಟ ಕೋಣೆಯೇ. ಕಬ್ಬಿಣದ ಮಂಚ, ಇಂಕು ಚೆಲ್ಲಿದ ಮೇಜು, ಗೂಡಿನಲ್ಲಿ ಇನ್ನೂ ಅವಳ ಕೆಲವು ಪುಸ್ತಕ, ಒಂದು ಕೆಟಲ್, ಬಾಗಿಲ ಹಿಂದೆ ಅವಳ ಸ್ವೆಟರು. ನಾವು ಹಾಸಿಗೆ ಬಿಚ್ಚುತ್ತಿರುವಾಗಲೇ ಬಾಗಿಲಲ್ಲಿ ಒಬ್ಬಳು ಹುಡುಗಿ ಬಂದು ನಿಂತಳು.

"ಉಳಿದ ಸಾಮಾನು ತಗೊಂಡು ಹೋಗೋಣ ಅಂತ ಬಂದೆ. ನನ್ನ ಜಾಗಕ್ಕೆ ಬಂದಿರೋರು ಯಾರು?"

ಅತ್ತಿಗೆ ಸಿಕ್ಕಿಬಿದ್ದ ಕಳ್ಳಿಯಂತೆ ಎದ್ದು ನಿಂತಳು. "ನಾನೇ ಕಣಮ್ಮ. ನಿಂಗೆ... ಏನಾಯ್ತು?"

"ಏನೂ ಆಗ್ಲಿಲ್ಲ ಅಕ್ಕ. ಎರಡು ವರ್ಷದಿಂದ ದಿನಾ ಬೆಳಿಗ್ಗೆ ಹೊಟ್ಟೆನೋವು ಬರ್ತಿತ್ತು. ಬಿಡ್ತೀನಿ ಅಂತ ಬರೆದುಕೊಟ್ಟೆ ನೋಡಿ, ಮಾರನೇ ದಿನದಿಂದ ಇಲ್ಲ." ಹುಡುಗಿ ನಗಲು ನೋಡಿದಳು. "ಅಪ್ಪನ ಆಸೆಗೆ ಸೇರಿದ್ದು. ಈಗ ಅಪ್ಪ ಮಾತು ಬಿಟ್ಟಿದಾರೆ. ಅಂಥಾ ಸೀಟನ್ನ ಹಾಳುಮಾಡ್ದೆ ಅಂತಾರೆ."

"ಹಾಳೆಲ್ಲಾಯ್ತು? ನಾನು ಬಂದಿಲ್ವಾ!" ಅತ್ತಿಗೆ ಅವಳ ಎರಡೂ ಕೈ ಹಿಡಿದುಕೊಂಡು ಮಂಚದ ಮೇಲೆ ಕೂರಿಸಿದಳು. ಮೂವತ್ತು ದಾಟಿದವಳು, ಮಗು ಬಿಟ್ಟು ಬಂದವಳು, ಪುಸ್ತಕ ಕಟ್ಟಿ ಬೀರುವಿನ ಮೇಲಿಟ್ಟಿದ್ದವಳು ಎಂದು ತನ್ನ ಪುರಾಣವನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. ಹುಡುಗಿ ಕೇಳುತ್ತಾ ಕೇಳುತ್ತಾ ಕಾಲು ಮಡಿಚಿಕೊಂಡು ಆರಾಮವಾಗಿ ಕೂತಳು. ಆಮೇಲೆ ಅವಳ ಸರದಿ. ಪ್ರಯೋಗಾಲಯದಲ್ಲಿ ಕಿಟಕಿ ಕಡೆಯ ಬರ್ನರ್ ಹಿಡಿಯಬೇಡಿ, ಆರಿಹೋಗುತ್ತೆ. ಗ್ರಂಥಾಲಯದಲ್ಲಿ ಕಂಬದ ಹಿಂದಿನ ಕುರ್ಚಿಗೆ ಯಾರೂ ಬರೋದಿಲ್ಲ, ನಿದ್ದೆಗೂ ಒಳ್ಳೆಯದು. ಸಂದರ್ಶನದಲ್ಲಿ ನಕ್ಕ ಹಿರಿಯಾಕೆ ಬೈದರೆ ಹೆದರಬೇಡಿ, ಬೈಯದೆ ಹೋದರೆ ಹೆದರಿ. ಕೆಟಲನ್ನು ಅವಳು ಒಯ್ಯಲಿಲ್ಲ. "ಇಟ್ಕೊಳಿ ಅಕ್ಕ. ಇಲ್ಲಿ ಚಳಿ ಜಾಸ್ತಿ."

ಅವಳ ಊರು ನಮ್ಮ ದಾರಿಯಲ್ಲೇ ಇತ್ತು. ವ್ಯಾನಿನಲ್ಲಿ ಬಾ ಎಂದು ಅಣ್ಣ ಅವಳ ಪೆಟ್ಟಿಗೆ ಎತ್ತಿಕೊಂಡ. ಅತ್ತಿಗೆಯನ್ನು ಬಿಟ್ಟು ಹೊರಡುವಾಗ ಅಣ್ಣ ಕೋಣೆಯ ಕಿಟಕಿಯ ಚಿಲಕ ಎಳೆದು ನೋಡಿದ, ಸಡಿಲವಿತ್ತು, ಸ್ಕ್ರೂ ಬಿಗಿಮಾಡಿ ಇಳಿದುಬಂದ. ಅವಳು ಮೇಲಿಂದ ಕೈ ಬೀಸುತ್ತಲೇ ಇದ್ದಳು.

ಹುಡುಗಿಯ ಮನೆ ಮುಂದೆ ವ್ಯಾನು ನಿಂತಾಗ ಸಂಜೆ. ಅವಳ ಅಪ್ಪ ಗೇಟಿನ ಬಳಿ ನಿಂತಿದ್ದರು, ಮಗಳನ್ನು ನೋಡಿ ಮುಖ ತಿರುಗಿಸಿದರು. ಪೆಟ್ಟಿಗೆ ಇಳಿಸಿ ಹೊರಡುತ್ತೇವೆ ಎಂದು ನಾನು ಅಂದುಕೊಂಡಿದ್ದೆ. ಅಣ್ಣ ನೇರವಾಗಿ ಅವರ ಮುಂದೆ ಹೋಗಿ ನಿಂತ. ಟೈರು ಒದೆಯುವುದೂ ಇಲ್ಲ, ನೆಲ ನೋಡುವುದೂ ಇಲ್ಲ.

"ಸಾರ್, ನಿಮ್ಮ ಮಗಳು ಬಿಟ್ಟ ಸೀಟು ನನ್ನ ಹೆಂಡ್ತಿಗೆ ಸಿಕ್ತು. ಅವಳು ಬಹಳ ಕಷ್ಟಪಟ್ಟು ಓದಿದೋಳು. ಈ ಮಗು ಮನಸಿಲ್ದೇ ಅಲ್ಲೇ ಕೂತಿದ್ರೆ ಅವಳ ಓದು ಅಲ್ಲಿಗೆ ಮುಗೀತಿತ್ತು. ಅದನ್ನ ನಿಮಗೆ ಹೇಳಿ, ನಿಮಗೆ ನಮಸ್ಕಾರ ಮಾಡಿ ಹೋಗೋಣ ಅಂತ ಬಂದೆ. ಅಷ್ಟೇ ಸಾರ್."

ಅಣ್ಣ ಒಟ್ಟಿಗೆ ಅಷ್ಟು ಮಾತಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಆ ಮನುಷ್ಯ ವ್ಯಾನಿನ ಮೇಲಿನ ನಮ್ಮ ಅಂಗಡಿಯ ಬೋರ್ಡು ಓದಿದರು. ಆಮೇಲೆ ಮಗಳ ಕೈಯಿಂದ ಪೆಟ್ಟಿಗೆ ತಗೊಂಡು, "ಒಳಗೆ ಬನ್ನಿ, ಒಂದು ಲೋಟ ಕಾಫಿ ಕುಡ್ಕೊಂಡು ಹೋಗಿ" ಎಂದರು. ಮಗಳ ಕಡೆ ತಿರುಗಿ, "ನಿಮ್ಮಮ್ಮನಿಗೆ ಹೇಳು, ಇಬ್ಬರು ಬಂದಿದಾರೆ ಅಂತ" ಎಂದರು. ಮಾತು ಬಿಟ್ಟ ಮೇಲೆ ಅವಳಿಗೆ ಹೇಳಿದ ಮೊದಲ ಮಾತು ಅದು ಎಂದು ಆಮೇಲೆ ಹುಡುಗಿಯೇ ಅತ್ತಿಗೆಗೆ ಫೋನಿನಲ್ಲಿ ಹೇಳಿದಳಂತೆ. ಈಗ ಅವಳು ಗಿಡಗಳ ನರ್ಸರಿಯೊಂದರಲ್ಲಿ ಕೆಲಸಕ್ಕಿದ್ದಾಳೆ.

ಅತ್ತಿಗೆಗೆ ಅಲ್ಲಿ ಹೂವಿನ ಹಾಸಿಗೆಯೇನೂ ಇರಲಿಲ್ಲ. ಮೊದಲ ಪರೀಕ್ಷೆಯಲ್ಲಿ ಒಂದು ವಿಷಯದಲ್ಲಿ ಡುಮ್ಕಿ ಹೊಡೆದಳು. ಹಿರಿಯಾಕೆ ಬಾಯಿ ತುಂಬ ಬೈದರು, ಇವಳು ಹೆದರಲಿಲ್ಲ. ಇಲ್ಲಿ ಕಲೆಯ ಮೇಜಿಗೆ ನಾನು ಬಂದೆ, ಒಂದೆರಡು ಕೋಟು ಕೆಡಿಸಿದೆ. ಅಮ್ಮ ಕೌಂಟರಿಗೆ ಬಂದು ಗಿರಾಕಿಗಳ ಜೊತೆ ಜಗಳ ಆಡಿದಳು. ಮಗಳು ಗೋಡೆ ಕಡೆಯ ಜಾಗ ಹಿಡಿದು, ಕೆಲವು ದಿನ ಅಮ್ಮ ಬೇಕು ಎಂದು ಅಳುತ್ತಾ ಮಲಗಿದಳು. ಎಲ್ಲರೂ ಹೇಗೋ ದಾಟಿಕೊಂಡೆವು.

ಎರಡು ವರ್ಷ ಮುಗಿಸಿ ಬಂದ ಅತ್ತಿಗೆ ಈಗ ಬೆಳಿಗ್ಗೆ ನಮ್ಮೂರ ಕಾಲೇಜಿನ ಪ್ರಯೋಗಾಲಯದಲ್ಲಿ ಮಕ್ಕಳಿಗೆ ಕಲಿಸುತ್ತಾಳೆ, ಮಧ್ಯಾಹ್ನ ಅಂಗಡಿಯಲ್ಲಿರುತ್ತಾಳೆ. ಹಳೆಯ ದ್ರವಗಳಲ್ಲಿ ಅರ್ಧವನ್ನು ಹೊರಗೆ ಹಾಕಿಸಿದ್ದಾಳೆ. ಆದರೆ ಹಿಂದಿರುಗಿದ ಮಾರನೇ ಬೆಳಿಗ್ಗೆ ಅಂಗಡಿಗೆ ಬಂದವಳು ಒಂದು ಬಾಟಲಿಗೂ ಕೈಹಾಕಲಿಲ್ಲ. ಅಷ್ಟು ದಿನದ ಆಯಾಸವೆಲ್ಲ ಒಟ್ಟಿಗೆ ಬಂದಂತೆ ಹಿಂದಿನ ಕೋಣೆಯ ಬಟ್ಟೆಗಂಟುಗಳ ಪಕ್ಕ ಮಧ್ಯಾಹ್ನದವರೆಗೆ ನಿದ್ದೆ ಹೋದಳು. ಅಮ್ಮ ಇಸ್ತ್ರಿ ಆರಿಸಿ ಕೌಂಟರಿಗೆ ಬಂದು ನಿಂತಳು, ಬಂದವರಿಗೆಲ್ಲ ಒಂದೇ ಮಾತು. "ಸ್ವಲ್ಪ ಮೆತ್ತಗೆ ಮಾತಾಡಿ. ನಮ್ಮ ಸೊಸೆ ಮಲಗಿದಾಳೆ."