ಟರ್ಬೊ ತಣ್ಣಗಾಗುವ ತನಕ

ತೀರಿಕೊಳ್ಳುವ ಹಿಂದಿನ ದಿನವೂ ನಮ್ಮ ಮನೆಯವರು ಮೂಡಲಗಿಯಿಂದ ಬಂದು ಅಂಗಳದಲ್ಲಿ ಗಾಡಿ ನಿಲ್ಲಿಸಿದರು, ಇಂಜಿನ್ ಮಾತ್ರ ಬಂದ್ ಮಾಡಲಿಲ್ಲ. “ಊಟಕ್ಕ ಬರ್ರಿ, ಅದಕ್ಕೇನು ಜ್ವರ ಬಂದೈತೇನು?” ಎಂದೆ. “ಹೂಂ, ಇಂಜಿನ್ನಿನ ಟರ್ಬೊ ಕಾದೈತಿ. ಒಮ್ಮೆಲೆ ಬಂದ್ ಮಾಡಿದ್ರ ಕೆಡತೈತಿ, ತಣ್ಣಗಾಗೂತನಕ ತಡಿ” ಎಂದರು. ಈ ಪೆಟ್ರೋಲ್ ಕಾರು ಕೊಂಡ ಮೇಲೆ ಅವರು ಹೀಗೇ. ಮದುವೆ ಮನೆಯಲ್ಲಿ ಜನ ಅಕ್ಷತೆ ಹಾಕಿ, ಉಂಡು ಕೈ ತೊಳೆದರೂ ಇವರು ಗಾಡಿಯಲ್ಲೇ. ಕೊಣ್ಣೂರ ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಹಿಂದೆ ಸಿಕ್ಕಿಕೊಂಡರೆ ಅದರ ಆಟೋಮ್ಯಾಟಿಕ್ ಗೇರು ಬಿಸಿಯಾಗಿ ಗಾಡಿ ಜಗ್ಗಿ ಜಗ್ಗಿ ಹೋಗುತ್ತಿತ್ತು. ಬದಿಗೆ ನಿಲ್ಲಿಸಿ ಬಾನೆಟ್ ಮೇಲೆ ಅಂಗೈ ಇಡುತ್ತಿದ್ದರು. ಸಣ್ಣ ಸದ್ದು ಕೇಳಿದರೂ ಹುಕ್ಕೇರಿಯ ಗ್ಯಾರೇಜಿಗೆ ಓಟ. ಅಲ್ಲಿನ ಮಿಸ್ತ್ರಿ ದಸ್ತಗೀರ, “ಕಾಕಾ, ಗಾಡಿ ಆರಾಮ ಐತಿ. ನಿಮ್ಮ ಕಿವಿ ತೋರಿಸ್ಕೊಳ್ರಿ” ಎಂದು ನಗುತ್ತಿದ್ದ. ಈಗ ಮೈದುನ ಗಾಡಿ ಮಾರೋಣ ಅನ್ನುತ್ತಾನೆ. “ಯಾರು ಓಡಸಾವ್ರು ವೈನಿ?” ನಾನು ಒಲ್ಲೆ ಎಂದೆ. ನಿಂತಲ್ಲೇ ನಿಂತರೆ ಬ್ಯಾಟರಿ ಇಳಿಯುತ್ತದಂತೆ. ಅದಕ್ಕೆ ದಿನಾ ಬೆಳಿಗ್ಗೆ ಅಂಗಳದ ಕಸ ಹೊಡೆದು ನಾನೇ ಚಾಲು ಮಾಡುತ್ತೇನೆ. ಬ್ರೇಕ್ ಒತ್ತಿದರೇ ಚಾಲು ಆಗುವುದು. ಸೀಟು ಅವರ ಕಾಲಿನ ಅಳತೆಗೆ ಹಿಂದೆ ಇದೆ. ಮುಂದೆ ಎಳೆದುಕೊಳ್ಳುವುದನ್ನು ಮೈದುನ ತೋರಿಸಿಕೊಟ್ಟಿದ್ದಾನೆ. ನಾನು ಎಳೆಯುವುದಿಲ್ಲ. ಸೀಟಿನ ಅಂಚಿಗೆ ಸರಿದು, ಕಾಲು ಚಾಚಿ ಒತ್ತುತ್ತೇನೆ.