ಜಾಲಿಹಾಳ ರಾಯರ ಒಂದು ಗುಟುಕು

ಸೀಸೆಯ ಬಿರಡೆಯನ್ನು ಎಲ್ಲರೂ ಮೂಗಿನ ಹತ್ತಿರ ತರುತ್ತಾರೆ. ಜಾಲಿಹಾಳ ರಾಯರು ಮೂಗನ್ನೇ ಬಿರಡೆಯ ಹತ್ತಿರ ಒಯ್ಯುತ್ತಿದ್ದರು. ಮೇಜಿನ ಮೇಲೆ ಬಿಳಿ ಕಾಗದ, ಅದರ ಮೇಲೆ ಬಿರಡೆ. ರಾಯರು ಕೈಗಳೆರಡನ್ನೂ ಬೆನ್ನ ಹಿಂದೆ ಕಟ್ಟಿ, ನಡು ಬಗ್ಗಿಸಿ, ಕಣ್ಣು ಮುಚ್ಚಿ ಉಸಿರೆಳೆದುಕೊಳ್ಳುವರು. ಹಣೆಯಲ್ಲಿ ಗೋಪೀಚಂದನ, ನಡುವೆ ಅಂಗಾರದ ಕಪ್ಪು ಗೆರೆ, ಅದರ ಕೆಳಗೆ ಆ ಉದ್ದನೆಯ ಮೂಗು. ಸೀಸೆ ಮುಟ್ಟುವುದು, ಬಿರಡೆ ತೆಗೆಯುವುದು ಜವಾನ ದೌಲತನ ಕೆಲಸ. ಎರಡನೆಯ ಉಸಿರಿಗೆ ರಾಯರ ಮುಖ ಅರಳಿತೆಂದರೆ ಅವತ್ತು ನಮಗೆಲ್ಲ ಹಬ್ಬ.

"ಬೋರ್ಡೋ ಅದ ರೀ, ಫ್ರಾನ್ಸಿನ ವೈನ್," ಎನ್ನುವರು. "ನದೀ ದಂಡಿ ಊರು, ಬೆಣಚುಕಲ್ಲಿನ ನೆಲ. ಪೆನ್ಸಿಲ್ ಕೆತ್ತಿದಾಗ ಬರ್ತದಲ್ಲ ಆ ವಾಸನಿ, ಅಜ್ಜನ ಪೆಟಗಿ ತಗದಾಗ ಬರ್ತದಲ್ಲ ಆ ವಾಸನಿ, ಎರಡೂ ಬರೋಬರ್ ಕೂಡ್ಯಾವ. ಬರಕೋರಿ ಕಮಲಾಬಾಯಿ."

ನಾನು ಬರೆದುಕೊಳ್ಳುತ್ತಿದ್ದೆ. ನಾಗಪುರ ಮುಂಬಯಿ ರಾಜ್ಯಕ್ಕೆ ಸೇರಿದ ಹೊಸತು. ಮದ್ಯನಿಷೇಧದ ಬಿಗಿ ದಿನದಿನಕ್ಕೆ ಏರುತ್ತಿತ್ತು. ಪೊಲೀಸರು ಹಿಡಿದ ಸೀಸೆಗಳೆಲ್ಲ ಪರೀಕ್ಷೆಗಾಗಿ ಸಿವಿಲ್ ಲೈನ್ಸಿನ ನಮ್ಮ ಪ್ರಯೋಗಶಾಲೆಗೆ ಬರುತ್ತಿದ್ದವು. ರಾಯರು ಅಲ್ಲಿ ರಸಾಯನ ಪರೀಕ್ಷಕರು, ನಾನು ಟೈಪಿಸ್ಟು. ನಮ್ಮವರಿಗೆ ರೈಲ್ವೆಯಲ್ಲಿ ಕೆಲಸ, ಮೈಸೂರಿನಿಂದ ವರ್ಗವಾಗಿ ಧರಮಪೇಠದಲ್ಲಿ ಮನೆ ಮಾಡಿದ್ದೆವು. ರಾಯರು ಬಾಗಲಕೋಟೆ ಕಡೆಯವರು. ಆಫೀಸಿನಲ್ಲಿ ಕನ್ನಡ ಆಡುವವರು ನಾವಿಬ್ಬರೇ. ಅವರ ಕನ್ನಡ ನನಗೆ ಮೊದಲ ತಿಂಗಳು ಅರ್ಧ ತಿಳಿಯುತ್ತಿರಲಿಲ್ಲ. ನನ್ನದು ಕೇಳಿದರೆ ಅವರಿಗೆ ನಗು. "ನೀವು ಮೈಸೂರವರು ಮಾತಾಡಿದ್ರ ಹಾಲು ಮಾರಾಂವಗೂ ಹಾರ ಹಾಕಿದಂಗ ಇರ್ತದ" ಎನ್ನುವರು.

ಇಷ್ಟೆಲ್ಲ ವಾಸನೆ ಬಲ್ಲವರು ಜನ್ಮದಲ್ಲಿ ಒಂದು ತೊಟ್ಟು ವೈನ್ ಕುಡಿದವರಲ್ಲ. ವೈನ್ ಹಾಗಿರಲಿ, ಈರುಳ್ಳಿ ತಿಂದವರಲ್ಲ. ಏಕಾದಶಿಗೆ ನೀರೂ ಮುಟ್ಟುತ್ತಿರಲಿಲ್ಲ. ಸಂಜೆ ಮನೆಗೆ ಹೋದರೆ ಹಿತ್ತಲ ಬಾಗಿಲಿನಿಂದ ನೇರ ಬಚ್ಚಲಿಗೆ. ಸ್ನಾನವಾಗದೆ ತಾಯಿ ಒಳಗೆ ಬಿಡುತ್ತಿರಲಿಲ್ಲ. "ಸರಕಾರಿ ನೌಕರಿ ಸಲುವಾಗಿ ಮೂಗು ಕೊಟ್ಟೀನಿ ರೀ, ನಾಲಿಗಿ ಕೊಟ್ಟಿಲ್ಲ" ಎಂಬುದು ಅವರ ಮಾತು.

ಮಧ್ಯಾಹ್ನ ಅವಲಕ್ಕಿ ಡಬ್ಬಿ ಬಿಚ್ಚಿದರೆ ಪಾಠ ಶುರು. ಅಯ್ಯೋ, ಆ ಪಾಠಗಳು! ಟೈಪು ಯಂತ್ರದ ಮುಂದೆ ಕೂತ ನನ್ನನ್ನು ಅರ್ಧ ಗಂಟೆಯಲ್ಲಿ ಎರಡು ಖಂಡ ಸುತ್ತಿಸಿ ತರುತ್ತಿದ್ದರು. ಫ್ರಾನ್ಸಿನವರು ವೈನಿಗೆ ಊರಿನ ಹೆಸರಿಡುತ್ತಾರೆ, ಹಣ್ಣಿನ ಹೆಸರಲ್ಲ ಎಂದು ನನಗೆ ಮೊದಲು ಹೇಳಿದವರು ಅವರು. ಬರ್ಗಂಡಿ ಎಂದರೆ ಗುಡ್ಡದ ಇಳಿಜಾರು. ಆ ತೋಟಕ್ಕೂ ಈ ತೋಟಕ್ಕೂ ನಡುವೆ ಒಂದು ಗೋಡೆ ಅಷ್ಟೇ, ರುಚಿ ಬೇರೆ, ಹೆಸರು ಬೇರೆ. ಶಾಂಪೇನ್ ಎಂದರೆ ಸುಣ್ಣದ ನೆಲ, ಚಳಿ. ಚಳಿಗೆ ಅರ್ಧಕ್ಕೆ ನಿಂತ ಹುದುಗು ಬೇಸಿಗೆಯಲ್ಲಿ ಮತ್ತೆ ಎದ್ದು ಗುಳ್ಳೆ ಬಿಡುತ್ತದೆ. ಅಮೆರಿಕದ ವಿಷಯಕ್ಕೆ ಬಂದರೆ ಅವರ ಕೈಯಲ್ಲಿನ ಅವಲಕ್ಕಿ ಬಾಯಿಗೆ ಹೋಗುತ್ತಿರಲಿಲ್ಲ. ಕ್ಯಾಲಿಫೋರ್ನಿಯಕ್ಕೆ ದ್ರಾಕ್ಷಿ ಬಳ್ಳಿ ತಂದವರು ಸ್ಪೇನಿನ ಪಾದ್ರಿಗಳು, ತಮ್ಮ ಪೂಜೆಗೆ ಬೇಕಲ್ಲ ಎಂದು. ಅಲ್ಲಿಯ ಬಿಸಿಲಿಗೆ ಹಣ್ಣು ಸಿಹಿಯೇರಿ, ವೈನ್ ಮೈತುಂಬಿಕೊಂಡಿತು. ಅಷ್ಟು ಚೆನ್ನಾದದ್ದನ್ನು ಮಾಡಿ ಅದಕ್ಕೆ ಅಮೆರಿಕದವರು ಬರ್ಗಂಡಿ ಎಂದು ಹೆಸರು ಅಂಟಿಸುತ್ತಿದ್ದರಂತೆ. ಅದೊಂದು ರಾಯರಿಗೆ ಸಹಿಸದು.

"ಇಲ್ಲೇ ಸೀತಾಬರ್ಡಿ ಪ್ಯಾಟಿಯೊಳಗ ಮಾಡಿ ಧಾರವಾಡ ಪೇಢೆ ಅಂತ ಮಾರಿದ್ರ ನಾ ಸುಮ್ಮನಿರ್ತೀನೇನ್ರೀ? ತಮ್ಮ ಊರಿನ ಹೆಸರು ಹಚ್ಚಲಿಕ್ಕೆ ಏನ್ ಧಾಡಿ ಅವ್ರಿಗೆ?"

ಅವರಿಗೆ ಸಿಟ್ಟು ಬಂದಾಗಲೇ ನನಗೆ ಹೆಚ್ಚು ಖುಷಿ. ನಾನು ಬೇಕೆಂದೇ ಅಮೆರಿಕದ ಪರ ವಹಿಸಿ ಕೆಣಕುತ್ತಿದ್ದೆ.

ಅಂಥ ರಾಯರ ಮೂಗು ಒಮ್ಮೆ ತಪ್ಪಿತು. ಊರಿನ ಒಂದು ಚರ್ಚಿನಿಂದ ಪೊಲೀಸರು ಫ್ರೆಂಚ್ ಚೀಟಿ ಅಂಟಿದ ಸೀಸೆಗಳನ್ನು ಹಿಡಿದು ತಂದರು. ಚರ್ಚಿಗೆ ಪೂಜೆಯ ವೈನ್ ಇಡಲು ಪರವಾನಗಿ ಇತ್ತು. ಆದರೆ ಅಲ್ಲಿ ಪೂಜೆಯ ಸಾಮಾನು ನೋಡಿಕೊಳ್ಳುತ್ತಿದ್ದ ಪೀಟರ್ ಎಂಬ ಮುದುಕ ನಿಜವಾದ ವೈನನ್ನು ಮಾರಿಕೊಂಡು, ಸೀಸೆಗೆ ನಾಡು ಸಾರಾಯಿ ತುಂಬಿದ್ದಾನೆ ಎಂದು ಯಾರೋ ದೂರು ಕೊಟ್ಟಿದ್ದರು. ಪೀಟರ್ ಹೇಳಿದ್ದು ಬೇರೆ. ಅಮೆರಿಕದಿಂದ ಬಂದಿದ್ದ ಪಾದ್ರಿಯೊಬ್ಬರು ಸಣ್ಣ ಪೀಪಾಯಿಯಲ್ಲಿ ವೈನ್ ತಂದುಕೊಟ್ಟು ಹೋದರು, ತಾನು ಅದನ್ನು ಹಳೆಯ ಖಾಲಿ ಸೀಸೆಗಳಿಗೆ ತುಂಬಿಟ್ಟೆ, ಅಷ್ಟೇ ಎಂದು. ಆ ಪಾದ್ರಿ ಊರು ಬಿಟ್ಟು ಹೋಗಿದ್ದರು. ಚರ್ಚಿನವರಿಗೂ ಮುದುಕನ ಮೇಲೆ ಅರ್ಧ ಅನುಮಾನ.

ರಾಯರು ಬಗ್ಗಿ ಮೂಸಿದರು. ಮುಖ ಅರಳಲಿಲ್ಲ.

"ಫ್ರಾನ್ಸಿಂದಲ್ಲ ಇದು. ಸಂತ್ರಾ ಹೂವಿನ ಅರ್ಕ ಹಾಕ್ಯಾರ," ಎಂದರು.

ನಾಗಪುರದಲ್ಲಿ ಇದ್ದವರಿಗೆ ಆ ವಾಸನೆ ಹೇಳಿಕೊಡಬೇಕೆ? ಕಿತ್ತಳೆ ಗಿಡಗಳು ಹೂ ಬಿಟ್ಟರೆ ಊರೆಲ್ಲ ಅದೇ ಘಮ. ಆ ಹೂವಿನ ಅರ್ಕವನ್ನು ಇಲ್ಲಿ ಶರಬತ್ತಿಗೂ ಹಾಕುತ್ತಾರೆ, ಕಳ್ಳ ಸಾರಾಯಿಯ ನಾತ ಮುಚ್ಚಲಿಕ್ಕೂ ಹಾಕುತ್ತಾರೆ. ರಾಯರು ಮೂಗೊಂದನ್ನೇ ನಂಬದೆ ರಾಸಾಯನಿಕ ಪರೀಕ್ಷೆಯನ್ನೂ ಮಾಡಿದರು. ಹೂವಿನ ಸತ್ವ ಇದ್ದರೆ ನಳಿಗೆಯಲ್ಲಿ ಕೆಂಪು ಬಣ್ಣ ಬರಬೇಕು. ಬಂತು. ಸೀಸೆಯ ತಳದಲ್ಲಿ ಸಣ್ಣ ಸಣ್ಣ ಹರಳಿದ್ದವು, ಸಕ್ಕರೆ ಎಂದು ಬರೆಸಿದರು. ನಕಲಿ ಎಂಬ ವರದಿಯನ್ನು ನಾನೇ ಟೈಪು ಮಾಡಿದೆ. ಪೀಟರನಿಗೆ ಜಾಮೀನು ನಿಲ್ಲಲು ಯಾರೂ ಬರಲಿಲ್ಲ. ಅವನನ್ನು ಜೈಲಿನಲ್ಲಿಟ್ಟರು.

ಆಮೇಲಿನ ಭಾನುವಾರ ರಾಯರು ನನ್ನನ್ನೂ ನಮ್ಮವರನ್ನೂ ಕಾಟೋಲ್ ರಸ್ತೆಯ ಪರಿಚಯದವರ ಕಿತ್ತಳೆ ತೋಟಕ್ಕೆ ಕರೆದೊಯ್ದರು. ಹೂ ಬಿಟ್ಟ ಕಾಲ. ಮಾಲಿ ಕಸಿ ಕಟ್ಟುತ್ತಿದ್ದ. ಜಂಬೇರಿ ಎಂಬ ಒರಟು ನಿಂಬೆಗಿಡದ ಕಾಂಡ ಸೀಳಿ, ಅದರೊಳಗೆ ಕಿತ್ತಳೆಯ ಒಂದು ಮೊಗ್ಗು ಕೂರಿಸಿ, ಬಾಳೆಯ ನಾರು ಸುತ್ತಿದ. ಬೇರು ನಿಂಬೆಯದು, ಹಣ್ಣು ಕಿತ್ತಳೆಯದು. ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ರಾಯರಿಗೆ ಅಷ್ಟು ಸಾಕಾಯಿತು.

"ಇದನ್ನೇ ಫ್ರಾನ್ಸಿನವರೂ ಮಾಡ್ಯಾರ, ಕಮಲಾಬಾಯಿ! ಅಮೆರಿಕಾದಿಂದ ಹಡಗದೊಳಗ ಬಳ್ಳಿ ತರಸಿದ್ರು. ಅದರ ಬೇರಿನಾಗ ಒಂದು ಹೇನು ಬಂತು. ಹಿಂಗ ಕಣ್ಣಿಗೆ ಕಾಣೂದಿಲ್ಲ ಅಷ್ಟು ಸಣ್ಣದು. ಫ್ರಾನ್ಸಿನ ದ್ರಾಕ್ಷಿ ತೋಟ ಊರೂರೇ ಒಣಗಿ ಹೋದ್ವು. ಅಮೆರಿಕಾದ ಬೇರಿಗೆ ಮಾತ್ರ ಆ ಹೇನು ಏನೂ ಮಾಡ್ಲಿಲ್ಲ. ಕಡೀಕ ಏನ್ ಮಾಡಿದ್ರು? ಅಮೆರಿಕಾದ ಬೇರು, ಅದರ ಮ್ಯಾಲೆ ಫ್ರಾನ್ಸಿನ ಬಳ್ಳಿ. ಇವತ್ತು ಅಷ್ಟು ದೊಡ್ಡ ಹೆಸರಿನ ಬೋರ್ಡೋ ನಿಂತದ್ದು ಯಾರ ಕಾಲ ಮ್ಯಾಲೆ ಹೇಳ್ರಿ?"

ನನಗೆ ರೋಮಾಂಚನವಾಯಿತು. ಎಲ್ಲಿಯ ಫ್ರಾನ್ಸು, ಎಲ್ಲಿಯ ಅಮೆರಿಕ, ಎಲ್ಲಿಯ ನಮ್ಮ ಮಾಲಿ! ಸುಮ್ಮನಿರಲಾರದೆ ಕೇಳಿದೆ:

"ಅಷ್ಟು ಗಟ್ಟಿ ಗಿಡ ಆದ್ರೆ ಅಮೆರಿಕದ ದ್ರಾಕ್ಷಿಯನ್ನೇ ಬೆಳೀಬಹುದಿತ್ತಲ್ಲ ರಾಯರೇ, ಬರೀ ಬೇರು ಯಾಕೆ ತಗೊಂಡ್ರು?"

"ಆ ಹಣ್ಣಿಗೆ ಒಂದು ವಾಸನಿ ಇರ್ತದಂತ. ಅಲ್ಲಿ ಮೂಡಣ ಸೀಮಿ ಕಾಡುದ್ರಾಕ್ಷಿ ಅದು, ನರಿ ಮೈವಾಸನಿ ಅಂತ ಪುಸ್ತಕದಾಗ ಬರದಾರ. ಫ್ರೆಂಚ್ ಮಂದಿಗೆ ಸೇರೂದಿಲ್ಲ."

"ನೀವು ಮೂಸಿದ್ದೀರಾ?"

"ಇಲ್ಲ. ಅಂಥಾ ಸೀಸೆ ನಮ್ಮ ಕಡೆ ಎಂದೂ ಬಂದಿಲ್ಲ," ಎಂದವರು ಹಾಗೆಯೇ ನಿಂತರು. ತಲೆಯ ಮೇಲೆಲ್ಲ ಕಿತ್ತಳೆ ಹೂವು. ಅವರ ಮುಖದ ಬಣ್ಣ ಇಳಿಯಿತು. "ಅಮೆರಿಕಾದ ಪಾದ್ರಿ ತಂದದ್ದು ಅಂತ ಆ ಮುದಕ ಹೇಳಿದ್ದ, ಹೌದಿಲ್ಲೋ?" ಎಂದು ಕೇಳಿದರು. ಹೌದೆಂದೆ. ಅವರು ಊಟಕ್ಕೂ ನಿಲ್ಲದೆ ನಾಗಪುರಕ್ಕೆ ಹೊರಟರು.

ಸೋಮವಾರ ನಾನು ಆಫೀಸಿಗೆ ಹೋಗುವಷ್ಟರಲ್ಲಿ ಮೇಜಿನ ತುಂಬ ಪುಸ್ತಕ ಹರವಿ ಕೂತಿದ್ದರು. ಕಿತ್ತಳೆ ಹೂವಿನಲ್ಲಿರುವ ಆ ಸತ್ವವೇ ಅಮೆರಿಕದ ಕಾಡುದ್ರಾಕ್ಷಿಯಲ್ಲೂ ಇದೆ. ಕೆಂಪು ಬಣ್ಣ ಎರಡಕ್ಕೂ ಬರುತ್ತದೆ. ತಳದ ಹರಳನ್ನು ಮತ್ತೆ ಪರೀಕ್ಷಿಸಿದರು. ಅದು ಸಕ್ಕರೆಯಲ್ಲ, ದ್ರಾಕ್ಷಿಯ ಹುಳಿ ಗಟ್ಟಿಯಾದದ್ದು. ನಾಡು ಸಾರಾಯಿಯಲ್ಲಿ ಅದು ಸಿಗುವ ವಸ್ತುವಲ್ಲ. "ನರಿ ಅಂತ ಬರದಾರಂತ ನಾ ನರಿ ನಾತ ಹುಡಕಿಕೋತ ಕೂತಿದ್ದೆ. ನನ್ನ ಮೂಗಿಗೆ ನಾಗಪುರ ಬಿಟ್ಟು ಬ್ಯಾರೆ ಏನೂ ಗೊತ್ತಿಲ್ಲ ರೀ," ಎಂದರು. ಅವರ ಕಣ್ಣಲ್ಲಿ ನೀರಿತ್ತು. ಆ ಕಾಗದಕ್ಕೆ ನನ್ನ ಬೆರಳೂ ತಗುಲಿತ್ತು.

ಎರಡನೆಯ ವರದಿ ಕಳಿಸಬೇಡಿ, ಇಲಾಖೆಯ ಮಾನ ಹೋಗುತ್ತದೆ ಎಂದು ಮೇಲಧಿಕಾರಿ ಹೇಳಿದರು. ರಾಯರು ಅವರ ಎದುರಿಗೇ ನನ್ನನ್ನು ಕರೆದು ಟೈಪು ಮಾಡಿಸಿದರು.

ಕೋರ್ಟಿನ ದಿನ ನಾನು ರಜೆ ಹಾಕಿ ಹೋದೆ. ಪೀಟರನ ಪರ ಒಬ್ಬ ವಕೀಲರಿದ್ದರು. ವಿಚಾರಣೆ ಎಲ್ಲ ಇಂಗ್ಲಿಷಿನಲ್ಲಿ. ಕಟಕಟೆಯಲ್ಲಿ ಪೀಟರ್ ಯಾರು ಮಾತಾಡಿದರೆ ಅವರ ಮುಖ ನೋಡುತ್ತಿದ್ದ. ರಾಯರು ಮೊದಲ ವರದಿ ತಪ್ಪು, ತಪ್ಪು ತಮ್ಮದೇ ಎಂದು ಹೇಳಿದರು. ಸರ್ಕಾರಿ ವಕೀಲರು ಎದ್ದರು.

"ಮೊದಲ ವರದಿ ನಿಮ್ಮ ಮೂಗಿನದು, ಎರಡನೆಯದೂ ನಿಮ್ಮ ಮೂಗಿನದೇ. ಕೋರ್ಟು ಯಾವ ಮೂಗನ್ನು ನಂಬಬೇಕು?" ಎಂದರು. ಎಲ್ಲರೂ ನಕ್ಕರು. "ಹರಳು ದ್ರಾಕ್ಷಿಯದೇ ಇರಲಿ, ಆ ದ್ರಾಕ್ಷಿ ರಸಕ್ಕೇ ಅರ್ಕ ಬೆರೆಸಿಲ್ಲವೆಂದು ಏನು ಖಾತ್ರಿ?"

"ನಾಲಿಗೆಯಿಂದ ತಿಳಿಯುತ್ತದೆ. ಹೂವಿನ ಅರ್ಕ ಗಂಟಲ ಹತ್ತಿರ ಕಹಿ ಬಿಡುತ್ತದೆ. ಶರಬತ್ತಿನಲ್ಲಿ ಆ ಕಹಿ ನನಗೆ ಚೆನ್ನಾಗಿ ಗೊತ್ತು. ದ್ರಾಕ್ಷಿಯದು ಬರೀ ಹುಳಿ."

"ನೀವು ರುಚಿ ನೋಡಿದ್ದೀರಾ?"

"ಇಲ್ಲ. ನಾನು ಕುಡಿಯುವುದಿಲ್ಲ."

ವಕೀಲರು ಮ್ಯಾಜಿಸ್ಟ್ರೇಟರ ಕಡೆ ತಿರುಗಿ ಕೈ ಚೆಲ್ಲಿದರು. ಪೀಟರನ ಕಥೆ ಮುಗಿಯಿತು ಎಂದುಕೊಂಡೆ. ರಾಯರು ಪೀಟರನ ಕಡೆ ನೋಡಿದರು. ಆಮೇಲೆ, ಅಪ್ಪಣೆಯಾದರೆ ಈಗ ನೋಡುತ್ತೇನೆ ಎಂದರು.

ಮ್ಯಾಜಿಸ್ಟ್ರೇಟರು ಒಪ್ಪಿದ ಮೇಲೆ ಕೋರ್ಟಿನ ಜವಾನ ಸೀಸೆಯ ಮೊಹರು ಒಡೆದು ಗಾಜಿನ ಲೋಟಕ್ಕೆ ಎರಡು ಬೆರಳಷ್ಟು ಬಗ್ಗಿಸಿದ. ಅವತ್ತು ಮುಟ್ಟುವ ಕೆಲಸಕ್ಕೆ ದೌಲತ ಇರಲಿಲ್ಲ. ರಾಯರು ತಾವೇ ಲೋಟ ಎತ್ತಿಕೊಂಡು, ಕಣ್ಣು ಮುಚ್ಚಿ, ತುಟಿ ಅಲ್ಲಾಡಿಸಿದರು. ಯಾವ ದೇವರ ಹೆಸರೋ. ಒಂದು ಗುಟುಕು ಕುಡಿದರು. ನಾನು ಸೆರಗಿನ ತುದಿ ಕಚ್ಚಿಕೊಂಡಿದ್ದೆ. "ಕಹಿ ಇಲ್ಲ. ಇದು ದ್ರಾಕ್ಷಿ," ಎಂದರು. ಮ್ಯಾಜಿಸ್ಟ್ರೇಟರು ಲೋಟವನ್ನು ವಕೀಲರ ಕಡೆ ತೋರಿಸಿ, ತಾವೂ ನೋಡಬಹುದು ಎಂದರು. ವಕೀಲರು ಒಂದಲ್ಲ, ಮೂರು ಗುಟುಕು ಕುಡಿದು, ಕಹಿ ಇಲ್ಲವೆಂದು ಬಹಳ ಸಂತೋಷದಿಂದ ಒಪ್ಪಿಕೊಂಡರು. ಪೀಟರ್ ಬಿಡುಗಡೆಯಾದ. ನಾನು ಕೋರ್ಟಿನ ಮೆಟ್ಟಿಲ ಮೇಲೆ ನಿಂತು ನಾಚಿಕೆ ಬಿಟ್ಟು ಅತ್ತೆ.

ಆ ಸಂಜೆಯದನ್ನು ರಾಯರೇ ಮರುದಿನ ಹೇಳಿದರು. ಹಿತ್ತಲ ಬಾಗಿಲಲ್ಲಿ ನಿಂತು ತಾಯಿಗೆ ಎಲ್ಲ ಹೇಳಿದರಂತೆ. ಮುದುಕಿ ಮಗನನ್ನು ಕೇಳಿದ್ದು ಒಂದೇ ಮಾತಂತೆ.

"ಆ ಮುದಕ ಮನೀಗೆ ಹೋದನೇನೋ ಶಾಮಾ?"

"ಹೋದ, ಅವ್ವಾ."

"ಮತ್ಯಾಕ ನಿಂತಿ? ನೀರು ಕಾದಾವ, ಜಲ್ದಿ ಬಾ."

ಇಲಾಖೆ ಅಷ್ಟು ಸುಲಭಕ್ಕೆ ಬಿಡಲಿಲ್ಲ. ಅವರಿಗೆ ಬರಬೇಕಿದ್ದ ಬಡ್ತಿ ಅವರ ಕೈಕೆಳಗಿನವರಿಗೆ ಹೋಯಿತು. ಆದರೆ ರಾಯರನ್ನು ಹಿಂಡುತ್ತಿದ್ದುದು ಬೇರೆ. ಪ್ರತಿ ತಿಂಗಳು ಪೀಟರ್ ಚರ್ಚಿನ ಹಿಂದಿನ ಗಿಡದ ಪಪ್ಪಾಯಿ ಹಣ್ಣೊಂದನ್ನು ತಂದು ರಾಯರ ಮೇಜಿನ ಮೇಲಿಟ್ಟು, ಕೈ ಮುಗಿದು ಹೋಗುತ್ತಿದ್ದ.

"ಅಂವಗ ಇಂಗ್ಲೀಷ್ ತಿಳೀಲಿಲ್ಲ ರೀ. ನಾ ಕುಡದು ಉಳಿಸಿದೆ ಅನ್ನೂದಷ್ಟೇ ಕಂಡಾನ. ಒಳಗ ಹಾಕಿಸಿದಾಂವ ನಾನೇ ಅಂತ ಗೊತ್ತಿಲ್ಲ. ಈ ಹಣ್ಣು ನನಗ ಗಂಟಲದಾಗ ಇಳೀವಲ್ದು," ಎನ್ನುವರು.

"ಆಗಿದ್ದು ಆಗಿಹೋಯ್ತು ರಾಯರೇ, ಅವನ ಮನಸ್ಸು ಯಾಕೆ ಕೆಡಿಸ್ತೀರಿ?" ಎಂದು ನಾನು ತಡೆಯುತ್ತಿದ್ದೆ. ಈಗ ಯೋಚಿಸಿದರೆ ಅದು ನನ್ನ ಅಂಜಿಕೆ. ಹೇಳಿದರೆ ಟೈಪು ಮಾಡಿದವಳ ಹೆಸರೂ ಬರುತ್ತಿತ್ತಲ್ಲ.

ವರ್ಷ ಕಳೆದು ರಾಯರಿಗೆ ಮುಂಬಯಿಗೆ ವರ್ಗವಾಯಿತು. ಸ್ಟೇಷನ್ನಿಗೆ ನಾವು ಹೋಗಿದ್ದೆವು, ಪೀಟರನೂ ಬಂದಿದ್ದ. ತಾಯಿಯನ್ನು ಒಳಗೆ ಕೂರಿಸಿ ರಾಯರು ಪ್ಲಾಟ್‌ಫಾರ್ಮಿಗೆ ಇಳಿದು ಬಂದರು. ಪೀಟರ್ ಕಾಲು ಮುಟ್ಟಲು ಬಗ್ಗಿದ. ರಾಯರು ಅವನ ಎರಡೂ ಭುಜ ಹಿಡಿದು ನಿಲ್ಲಿಸಿದರು. ಯಾರನ್ನೂ ಮುಟ್ಟದ ಮನುಷ್ಯ ಅವರು. ತಮ್ಮ ಒಡಕು ಹಿಂದಿಯಲ್ಲಿ, ನಿನ್ನನ್ನು ಜೈಲಿಗೆ ಹಾಕಿಸಿದ ಮೊದಲ ಕಾಗದವೂ ನನ್ನದೇ, ನಾನೇ ಬರೆದದ್ದು ಎಂದು ಹೇಳಿಬಿಟ್ಟರು. ನಾನು ನೆಲ ನೋಡಿದೆ.

"ಮಾಲೂಮ್ ಥಾ, ಸಾಬ್," ಎಂದ ಪೀಟರ್, ಗೊತ್ತಿತ್ತು ಎಂದು. ನನ್ನ ವಕೀಲರು ಕೋರ್ಟಿನ ದಿನವೇ ಹೇಳಿದ್ದರು, ಅದಕ್ಕೇ ತಿಂಗಳು ತಿಂಗಳು ಬರುತ್ತಿದ್ದೆ ಎಂದ. ತಪ್ಪು ಬರೆದವರು ಬೇಕಾದಷ್ಟು ಜನ ಇದ್ದಾರೆ ಸಾಹೇಬರೇ, ವಾಪಸು ಬಂದು ಆ ತಪ್ಪನ್ನು ಅಳಿಸಿದವರು ನೀವೊಬ್ಬರೇ ಎಂದ.

ಗಾರ್ಡ್ ಸೀಟಿ ಊದಿದ. ರಾಯರು ಅವನ ಭುಜ ಬಿಡದೆ ನಿಂತೇ ಇದ್ದರು. ಒಳಗಿನಿಂದ ತಾಯಿ ಎರಡು ಸಲ ಕೂಗಿದ ಮೇಲೆ ಹತ್ತಿದರು. ಆಮೇಲೆ ನಾನು ಅವರನ್ನು ನೋಡಲಿಲ್ಲ.