ಮೂಗ ಟ್ರಾಕ್ಟರೂ ಮಂಗಳಮ್ಮನ ನಿದ್ದೆಯೂ

ಹೆಮ್ಮಿಗೆಯ ಮರಿಯಯ್ಯನ ಜೊತೆ ಮಾತಾಡಬೇಕೆಂದರೆ ಗಂಟಲು ಗಟ್ಟಿಯಿರಬೇಕು. ಪ್ರಾಯದಿಂದಲೂ ಡೀಸೆಲ್ ಟ್ರಾಕ್ಟರ್ ಮೇಲೆ ಕೂತು ಕೂತು ಅವನ ಕಿವಿ ಅರ್ಧ ಮಂದವಾಗಿದೆ. ಸಾರಿಗೆ ಉಪ್ಪು ಸಾಲದು ಎನ್ನುವುದನ್ನೂ ಹೆಂಡತಿ ಮಂಗಳಮ್ಮ ಕೂಗಿಯೇ ಹೇಳಬೇಕು. ಹಾಗಾಗಿ ಆ ಮನೆಯಲ್ಲಿ ಗುಟ್ಟು ಅಂತ ಒಂದೂ ಉಳಿದಿಲ್ಲ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರಲ್ಲ, ಇವರದು ಬೀದಿಯವರೆಲ್ಲ ಉಂಡು ಮಲಗುವ ತನಕ ನಡೆಯುತ್ತದೆ.

ಮನುಷ್ಯರ ಮಾತು ಕೇಳಿಸದಿದ್ದರೂ ಇಂಜಿನ್ ಮಾತು ಮರಿಯಯ್ಯನಿಗೆ ಚೆನ್ನಾಗಿ ಕೇಳಿಸುತ್ತಿತ್ತು. ನೆಲ ಗಟ್ಟಿಯಾಯಿತೆಂದೋ ಡೀಸೆಲ್ ಮುಗಿಯುತ್ತ ಬಂತೆಂದೋ ಅದು ಗೊಣಗಿದರೆ ಸಾಕು, ತಿಳಿದುಬಿಡುತ್ತಿತ್ತು. ಸಂಜೆ ಮನೆಗೆ ಬಂದ ಮೇಲೂ ಆ ಸದ್ದು ತಲೆಯೊಳಗೆ ಗುಯ್ಯೆನ್ನುತ್ತಲೇ ಇರುತ್ತಿತ್ತು. ಅನ್ನ ಕೊಟ್ಟ ಸದ್ದು, ಬೈಯುವುದು ಹೇಗೆ ಎಂದು ಅವನು ಸಹಿಸಿಕೊಂಡಿದ್ದ.

ಮಂಗಳಮ್ಮನಿಗೂ ಆ ಸದ್ದಿನಿಂದ ಒಂದು ಉಪಕಾರವಿತ್ತು. ಅವಳೂ ಅದೇ ಗದ್ದೆಗಳಲ್ಲಿ ಕೂಲಿಗೆ ಹೋಗುವವಳು. ನಾಲೆ ಬಯಲಿನಲ್ಲಿ ನೆರಳಿಗೆಂದು ಒಂದು ಮರ ಸಿಗುವುದಿಲ್ಲ. ಮಧ್ಯಾಹ್ನ ಮುದ್ದೆ ಉಪ್ಸಾರು ಉಂಡಾದ ಮೇಲೆ ಕೂಲಿಯವರೆಲ್ಲ ನಿಂತ ಗಾಡಿಯ ಅಡಿಗೇ ನುಗ್ಗಿ ಟವಲ್ಲು ಹಾಸಿ ಒರಗುತ್ತಾರೆ. ಗಾಡಿ ಹೊರಡುವಾಗ ಇಂಜಿನ್ ಗುಡುಗುತ್ತದೆ, ಮಲಗಿದವರು ಬೈದುಕೊಂಡು ಈಚೆಗೆ ಬರುತ್ತಾರೆ. ಎಬ್ಬಿಸುವ ಕೆಲಸ ಡ್ರೈವರದ್ದಲ್ಲ, ಗಾಡಿಯದ್ದು. "ನಿನ್ ಗಾಡಿ ಕೂಗುದ್ರೆ ಸತ್ತೋರೂ ಎದ್ದು ಕೂತ್ಕತಾರೆ" ಎನ್ನುತ್ತಿದ್ದಳು ಮಂಗಳಮ್ಮ.

ಹೀಗಿರುವಾಗ, ಮರಿಯಯ್ಯ ಯಾರ ಗಾಡಿ ಓಡಿಸುತ್ತಿದ್ದನೋ ಆ ಮಧುಕುಮಾರ್ ಒಂದು ಕಂಪನಿಯ ಹೊಸ ಟ್ರಾಕ್ಟರನ್ನು ಪ್ರಯೋಗಕ್ಕೆಂದು ತನ್ನ ಜಮೀನಿಗೆ ಕರೆಸಿದ. ಹೈಡ್ರೋಜನ್ನಿಂದ ಓಡುವ ಗಾಡಿ. ಜೊತೆಗೆ ಮೈಸೂರಿನಿಂದ ನಯನ ಎಂಬ ಎಂಜಿನಿಯರ್ ಹುಡುಗಿ ಬಂದಳು. ಬೆನ್ನಿಗೆ ಸಿಲಿಂಡರ್ ಹೊತ್ತ ಗಾಡಿಯನ್ನು ಕಂಡು ಊರವರು ಇನ್ನೇನು ಸಿಡಿಯಿತು ಎಂದು ಮಾರುದೂರ ನಿಂತರು. ಮರಿಯಯ್ಯನ ಚಿಂತೆಯೇ ಬೇರೆ.

"ಇದೇನ್ ಮೇಡಮ್ಮೋರೆ, ಮೂಗನ್ನ ತಂದ್ಬುಟ್ರಿ? ಉಸ್ರೂ ಇಲ್ಲ, ಮಾತೂ ಇಲ್ಲ."

"ಇದ್ರಲ್ಲಿ ಉರಿಯೋದೇ ಇಲ್ಲ ಮರಿಯಯ್ಯೋರೇ" ಎಂದು ನಯನ ಅವನ ಕಿವಿಯ ಹತ್ತಿರ ಬಂದು ಗಟ್ಟಿಯಾಗಿ ಹೇಳಿದಳು. "ಹೈಡ್ರೋಜನ್ ಗಾಳಿ ಜೊತೆ ಸೇರಿ ಕರೆಂಟ್ ಆಗುತ್ತೆ. ಆ ಕರೆಂಟಿಂದ ಚಕ್ರ ತಿರುಗುತ್ತೆ. ಹೊಗೆ ಬರಲ್ಲ, ಅಡಿಯ ಪೈಪಿಂದ ನೀರು ಬರುತ್ತೆ, ಅಷ್ಟೆ."

ಮೊದಲ ದಿನ ಗೊಬ್ಬರ ಹೊಡೆದು ಮನೆಗೆ ಬಂದಾಗ ಮರಿಯಯ್ಯನಿಗೆ ತಲೆ ಹಗುರವೆನಿಸಿತು. ಗುಯ್ ಎನ್ನುವುದು ನಿಂತಿತ್ತು. ಸೀಮೆಯಲ್ಲಿಲ್ಲದ ಗಾಡಿ ಇದು ಎಂದು ಹೆಂಡತಿಯ ಮುಂದೆ ಹೊಗಳಿದ. ಅವಳು, "ಒಸ ಎಂಡ್ತಿ ಬಂದಂಗ್ ಆಡ್ತೀಯಲ್ಲ" ಎಂದು ಮೂತಿ ತಿರುವಿದಳು.

ಮಾರನೆಯ ದಿನ ಊಟಕ್ಕೆ ಗಾಡಿ ನಿಲ್ಲಿಸಿದರು. ಮಧುಕುಮಾರ್ ನಯನಳನ್ನು ಊಟಕ್ಕೆ ತನ್ನ ಪಂಪ್‌ಹೌಸಿಗೆ ಕರೆದೊಯ್ದ. ಮರಿಯಯ್ಯ ಉಂಡವನೇ ನಾಲೆಗೆ ಇಳಿದು ಮುಖ ತೊಳೆದು, ಎಲೆ ಅಡಿಕೆ ಹಾಕಿಕೊಂಡು ವಾಪಸು ಬಂದ. ಮಂಗಳಮ್ಮ ತಂದಿದ್ದ ಬುತ್ತಿಯ ಬುಟ್ಟಿ ಇರಲಿಲ್ಲ. ಮಂಗಳಿ ಮನೆಗೆ ಹೋದಳು ಎಂದುಕೊಂಡ. ಬುಟ್ಟಿಯನ್ನು ಪಕ್ಕದ ಮನೆಯವಳ ಕೈಲಿ ಕಳಿಸಿ ಮಿಕ್ಕವರು ಸಿಲಿಂಡರಿಗೆ ಹೆದರಿ ಅತ್ತ ಸುಳಿಯದಿದ್ದರೂ ಅವಳು ಎಂದಿನಂತೆ ಗಾಡಿಯಡಿ, ಹಿಂದಿನ ದೊಡ್ಡ ಚಕ್ರದ ಮಗ್ಗುಲಿಗೆ ತಲೆ ಕೊಟ್ಟು ಮಲಗಿದ್ದು ಅವನಿಗೆ ಹೇಗೆ ಗೊತ್ತಾಗಬೇಕು? ಬಗ್ಗಿ ನೋಡುವ ಅಭ್ಯಾಸ ಆ ಸೀಮೆಯ ಯಾವ ಡ್ರೈವರಿಗೂ ಇರಲಿಲ್ಲ.

ಹತ್ತಿ ಕೂತು ಗುಂಡಿ ಒತ್ತಿದ. ಹಸಿರು ದೀಪ ಬಂತು. ಸದ್ದಿಲ್ಲ. ಉಂಡ ಮಂಪರಿನಲ್ಲಿ ಅವನ ಕೈಕಾಲಿಗೆ ಹಳೆಯ ಗಾಡಿಯ ನೆನಪೇ ಇತ್ತು. ಹತ್ತಲಿಲ್ಲವೇನೋ ಎಂದು ಗುಂಡಿ ಆರಿಸಿ ಮತ್ತೆ ಒತ್ತಿದ. ಆಗಲೂ ಸದ್ದಿಲ್ಲ. "ಮಾತಾಡ್ಲಾ ಮೂದೇವಿ" ಎಂದು ಬೈದು ಇನ್ನೊಮ್ಮೆ ಆರಿಸಿದ. ಆರಿಸಿದಾಗೆಲ್ಲ ಒಳಗೆ ನಿಂತ ನೀರನ್ನು ಕಕ್ಕಿಬಿಡುವುದು ಆ ಗಾಡಿಯ ಗುಣ. ಮತ್ತೆ ಒತ್ತಿ, ದೀಪವನ್ನೇ ನಂಬಿದರಾಯಿತು ಎಂದು ಗೇರಿಗೆ ಕೈ ಹಾಕಿದ.

"ಅಯ್ಯಯ್ಯಪ್ಪೋ!" ಎಂದು ಅಡಿಯಿಂದ ಒಂದು ಕೂಗು ಬಂತು.

ಡೀಸೆಲ್ ಗಾಡಿಯಾಗಿದ್ದರೆ ಆ ಕೂಗು ಅವನ ಕಿವಿಗೆ ಬೀಳುತ್ತಲೇ ಇರಲಿಲ್ಲ. ಈಗ ಬಿತ್ತು. ಎಷ್ಟೋ ವರ್ಷ ತನ್ನ ಮೇಲೇ ಕೂಗಿದ ದನಿ, ಗುರುತು ತಪ್ಪುವುದುಂಟೆ? ಕೈ ತಾನಾಗಿ ಗೇರಿನಿಂದ ಎದ್ದು ಗುಂಡಿಯ ಮೇಲೆ ಬಿತ್ತು. ದೀಪ ಆರಿತು. ಗಾಡಿ ಒಂದು ಗೇಣೂ ಕದಲಿರಲಿಲ್ಲ.

ಮುಖ, ರವಿಕೆ, ಸೆರಗು ಎಲ್ಲ ತೊಯ್ದು ಮಂಗಳಮ್ಮ ತೆವಳಿಕೊಂಡು ಈಚೆ ಬಂದಳು. "ನಿನ್ ಮನೆ ಕಾಯ್ವೋಗ! ಎಂಥ ಗಾಡಿಯೋ ಇದು, ಮನ್ಗಿದ್ದೋಳ್ ಮೇಲೆ ಉಚ್ಚೆ ಉಯ್ದ್ಬುಡ್ತಲ್ಲೋ!"

ಮರಿಯಯ್ಯ ಇಳಿದ. ಗೊಬ್ಬರದ ಗುಡ್ಡೆಯ ಪಕ್ಕದಲ್ಲೇ ಕೂತುಬಿಟ್ಟ. ಹೋದ ಜೀವ ಬಂದಂತಾಗಿತ್ತು. ನಕ್ಕನೋ ಅತ್ತನೋ ಅವನಿಗೇ ತಿಳಿಯಲಿಲ್ಲ, ಎರಡೂ ಒಟ್ಟಿಗೇ ಬಂದವು. "ಬಯ್ಯಿ ಮಂಗಳಿ, ಬಯ್ಯಿ. ಇನ್ನೂ ಬಯ್ಯಿ" ಎಂದ.

ಮಂಗಳಮ್ಮ ತಾನು ತಲೆಯಿಟ್ಟ ಜಾಗ ನೋಡಿದಳು, ಚಕ್ರ ನೋಡಿದಳು. ಬೈಗುಳ ಅರ್ಧಕ್ಕೇ ನಿಂತಿತು. ಅವನ ಪಕ್ಕ ಕೂತು ಸೆರಗಿನ ತೊಯ್ಯದ ತುದಿ ಹುಡುಕಿ ಅವನ ಮುಖ ಒರೆಸಿದಳು. "ಆಯ್ತು ಏಳು, ಏನೂ ಆಗ್ನಿಲ್ವಲ್ಲ" ಎಂದಳು. ಇಡೀ ಜನ್ಮದಲ್ಲಿ ಅವಳು ಅವನಿಗೆ ಮೆಲ್ಲಗೆ ಹೇಳಿದ ಮಾತು ಬಹುಶಃ ಅದೊಂದೇ. ಅಚ್ಚರಿಯೆಂದರೆ ಅವನಿಗೆ ಕೇಳಿಸಿತು.

ಓಡಿಬಂದ ನಯನಳ ಮುಖ ಬಿಳಿಚಿಕೊಂಡಿತ್ತು. ಗಾಡಿಯನ್ನು ವಾಪಸು ಒಯ್ಯುತ್ತೇವೆ ಎಂದಳು. ಮರಿಯಯ್ಯ ಬೇಡವೆಂದು ತಲೆಯಾಡಿಸಿದ.

"ಗಾಡಿ ಚಿನ್ನದಂತಾದು ಕಣವ್ವ. ಅದ್ಕೊಂದು ಬಾಯಿ ಕೊಡ್ಸಿ. ನೀವು ಕೊಡೋಗಂಟ ನಾನೇ ಅದ್ರ ಬಾಯಿ ಆಯ್ತೀನಿ."

ಕಂಪನಿಯವರು ಇನ್ನೂ ಸದ್ದು ಮಾಡುವ ಬಾಯಿ ಜೋಡಿಸಿಲ್ಲ, ಆಗುತ್ತದೆ ಎಂದಿದ್ದಾರೆ. ಅಲ್ಲಿಯವರೆಗೆ ಮರಿಯಯ್ಯ ಗಾಡಿ ಸುತ್ತ ಒಂದು ಸುತ್ತು ಬಂದು, ಬಗ್ಗಿ, "ಮಂಗಳೀ, ಏಳಮ್ಮೀ!" ಎಂದು ಕೂಗುತ್ತಾನೆ. ಅಡಿಯಲ್ಲಿ ಯಾರೇ ಮಲಗಿರಲಿ, ಕೂಗುವ ಹೆಸರು ಅದೇ. ಅದಕ್ಕೇ ಈಗ ಆ ಬಯಲಿನಲ್ಲಿ ಮೀಸೆ ಹೊತ್ತ ಗಂಡಸರೂ ಮಂಗಳಿ ಎಂದರೆ ಎದ್ದು ಬರುತ್ತಾರೆ.

ಕಳೆದ ವಾರ ಮಂಗಳಮ್ಮ ತವರೂರು ಹೆಡತಲೆಗೆ ಹೋಗಿದ್ದಳು. ಬೆಳಿಗ್ಗೆ ಬಸ್ಸಿಗೆ ಹತ್ತಿಸಿ ಬಂದವನು ಅವನೇ. ಆದರೂ ಮಧ್ಯಾಹ್ನ ಗಾಡಿಯಡಿ ಬಗ್ಗಿ ಅವಳ ಹೆಸರನ್ನೇ ಕೂಗಿದ. ಯಾರೂ ಇರಲಿಲ್ಲ, ಬರೀ ಒದ್ದೆ ಮಣ್ಣಿತ್ತು. ಅದನ್ನು ಕಣ್ತುಂಬ ನೋಡಿ, ಸಮಾಧಾನದಿಂದ ಹತ್ತಿ ಕೂತ.